ಪಟ್ಟಿಯಲ್ಲಿ ಕಾಣದ ಓಟ

ಮೆಲ್ಬರ್ನಿಗೆ ಬಂದ ಹೊಸದರಲ್ಲಿ ಇಲ್ಲಿನ ಫುಟ್‌ಬಾಲ್, ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಆಟ, ನನಗೆ ಬರೀ ಗದ್ದಲವಾಗಿ ಕಾಣುತ್ತಿತ್ತು. ಕ್ರಿಕೆಟ್ ನೋಡಿ ಪಳಗಿದ ಕಣ್ಣು ಅಂಕಿಅಂಶದ ಆಸರೆ ಹುಡುಕಿತು. ಒದ್ದೋ ಕೈಯಿಂದ ಗುದ್ದಿಯೋ ಚೆಂಡನ್ನು ದಾಟಿಸಿದ ಲೆಕ್ಕಕ್ಕೆ ಇಲ್ಲಿ ಡಿಸ್ಪೋಸಲ್ ಎನ್ನುತ್ತಾರೆ. ಒಂದು ಪಂದ್ಯದಲ್ಲಿ ಅದು 30 ದಾಟಿದವನೇ ದೊಡ್ಡ ಆಟಗಾರನೆಂದು ನಾನು ನಂಬಿದ್ದೆ.

ಆ ನಂಬಿಕೆಯನ್ನು ಕೆಡಿಸಿದ್ದು 2017ರ ರಿಚ್ಮಂಡ್ ತಂಡ. ಹಿಂದಿನ ವರ್ಷ 13ನೆಯ ಸ್ಥಾನಕ್ಕೆ ಕುಸಿದಿದ್ದ ತಂಡವದು. ತರಬೇತುದಾರ ಡೇಮಿಯನ್ ಹಾರ್ಡ್‌ವಿಕ್ ಅವರ ಕುರ್ಚಿಯೇ ಅಲುಗಾಡುತ್ತಿತ್ತು. ಅವರು ಮುಂಭಾಗದಲ್ಲಿ ಎತ್ತರದ ಜ್ಯಾಕ್ ರೀವೋಲ್ಟ್ ಅವರನ್ನು ನಿಲ್ಲಿಸಿ, ಸುತ್ತಲೂ ಬಟ್ಲರ್, ಕಾಸ್ಟಾನ್ಯಾ, ರಿಯೋಲಿಯಂಥ ಗಿಡ್ಡ ಮೈಕಟ್ಟಿನ ಚುರುಕು ಹುಡುಗರನ್ನು ಬಿಟ್ಟರು. ಎದುರಾಳಿ ರಕ್ಷಕ ಚೆಂಡು ಹಿಡಿದು ತಲೆ ಎತ್ತುವಷ್ಟರಲ್ಲಿ ಇವರಲ್ಲೊಬ್ಬ ಪಕ್ಕದಿಂದ ಬಂದು ಅಂಗಿಗೆ ಕೈಹಾಕಿರುತ್ತಿದ್ದ. ಗಾಬರಿಯಲ್ಲಿ ಒದ್ದ ಚೆಂಡು ಎಲ್ಲೆಲ್ಲೋ ಹೋಗಿ ರಿಚ್ಮಂಡ್‌ನವರ ಕೈಗೇ ಸಿಗುತ್ತಿತ್ತು. ಓಡಿ ಬಂದವನ ಹೆಸರಿನ ಮುಂದೆ ಡಿಸ್ಪೋಸಲ್ ಸೊನ್ನೆ. ಆದರೆ ಇಂಥ ಒತ್ತಡವನ್ನು ಪ್ರೆಷರ್ ಆಕ್ಟ್ ಎಂದು ಪ್ರತ್ಯೇಕವಾಗಿ ಎಣಿಸುವ ವ್ಯವಸ್ಥೆಯೂ ಉಂಟು. ತರಬೇತುದಾರ ಯಾವುದನ್ನು ಎಣಿಸಿ ಮೆಚ್ಚುತ್ತಾನೋ ಆಟಗಾರರು ಅದಕ್ಕಾಗಿಯೇ ಓಡುತ್ತಾರೆ ಎಂಬುದು ನನಗೆ ಹೊಳೆದದ್ದು ಆಗಲೇ. ಫೈನಲ್‌ನಲ್ಲಿ ಅಡಿಲೇಡ್ ವಿರುದ್ಧ 108–60ರಿಂದ ಗೆದ್ದು, 1980ರ ನಂತರ ಮೊದಲ ಬಾರಿ ರಿಚ್ಮಂಡ್ ಪ್ರಶಸ್ತಿ ಎತ್ತಿತು. ಆ ವರ್ಷ ಲೀಗಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್ಲೋ ಪದಕ ಡಸ್ಟಿನ್ ಮಾರ್ಟಿನ್ ಪಾಲಾಗಿತ್ತು. ಅಂಥವರಿದ್ದರೆ ಯಾವ ತಂತ್ರವೂ ಚೆಂದ ಕಾಣುತ್ತದೆ ಎಂದು ವಾದಿಸುವವರಿದ್ದಾರೆ, ಅದನ್ನು ಪೂರ್ತಿ ತಳ್ಳಿಹಾಕಲಾರೆ.

ಅಂಕಿಯನ್ನು ಬಗ್ಗಿಸುವ ಜಾಣತನಕ್ಕೆ 2008ರ ಫೈನಲ್ ಇನ್ನೂ ಒಳ್ಳೆಯ ಉದಾಹರಣೆ. ಗೋಲಿಗೆ 6 ಅಂಕ, ಗೋಲು ಕಂಬಕ್ಕೂ ಅದರ ಪಕ್ಕದ ಕಂಬಕ್ಕೂ ನಡುವೆ ಹೋದ ಬಿಹೈಂಡ್‌ಗೆ 1. ಜೀಲಾಂಗ್ 11 ಗೋಲು, 23 ಬಿಹೈಂಡ್ ಸೇರಿ 89. ಹಾಥಾರ್ನ್ 18 ಗೋಲು, 7 ಬಿಹೈಂಡ್ ಸೇರಿ 115. ಅಂಕ ತಂದ ಅವಕಾಶಗಳು ಜೀಲಾಂಗ್‌ಗೆ 34, ಹಾಥಾರ್ನ್‌ಗೆ 25; ಗೆದ್ದದ್ದು ಹಾಥಾರ್ನ್. ಅಪಾಯ ಹತ್ತಿರವಾದಾಗ ಹಾಥಾರ್ನ್ ರಕ್ಷಕರು ಚೆಂಡನ್ನು ತಾವೇ ಗೆರೆಯಾಚೆ ದಾಟಿಸಿ ಎದುರಾಳಿಗೆ ಒಂದು ಅಂಕ ದಾನ ಮಾಡುತ್ತಿದ್ದರು. ಆರು ಕಳೆದುಕೊಳ್ಳುವ ಬದಲು ಒಂದು ಕೊಡುವುದು ಲಾಭ, ಮೇಲಾಗಿ ಚೆಂಡೂ ತಮ್ಮ ಕೈಗೇ ಮರಳುತ್ತದೆ. ಇದು ಎಷ್ಟು ಕಣ್ಣಿಗೆ ಬಿತ್ತೆಂದರೆ, ಬೇಕೆಂದೇ ಹಾಗೆ ಮಾಡಿದರೆ ಎದುರಾಳಿಗೆ ಫ್ರೀ ಕಿಕ್ ಎಂಬ ನಿಯಮ 2009ರಲ್ಲೇ ಬಂತು. ರಕ್ಷಣೆಗೆ ಎಲ್ಲರನ್ನೂ ಹಿಂದೆ ಗುಡ್ಡೆಹಾಕುವ ತಂತ್ರ ಅತಿಯಾದಾಗ, ನಡುಮೈದಾನದಿಂದ ಆಟ ಶುರುವಾಗುವ ಪ್ರತಿ ಸಲವೂ ಪ್ರತಿ ತಂಡದವರು ಮೈದಾನದ ಮೂರು ಭಾಗಗಳಲ್ಲಿ ತಲಾ 6 ಮಂದಿ ನಿಲ್ಲಲೇಬೇಕೆಂದು 2019ರಲ್ಲಿ ಕಟ್ಟಳೆ ಮಾಡಿದರು.

ನನ್ನ ಸಹೋದ್ಯೋಗಿಯೊಬ್ಬ ಫ್ಯಾಂಟಸಿ ಆಟದಲ್ಲಿ ಇಂದಿಗೂ ಡಿಸ್ಪೋಸಲ್ ನೋಡಿಯೇ ತಂಡ ಕಟ್ಟುತ್ತಾನೆ, ಗೆಲ್ಲುತ್ತಲೂ ಇರುತ್ತಾನೆ. ನಾನು ಮಾತ್ರ ಎಂಸಿಜಿ ಮೈದಾನದ ಮೇಲಿನ ಅಂತಸ್ತಿನ ಟಿಕೆಟ್ಟನ್ನೇ ಕೊಳ್ಳುತ್ತೇನೆ, ಏಕೆಂದರೆ ಟಿವಿ ಚೆಂಡಿನ ಹಿಂದೆಯೇ ಹೋಗುತ್ತದೆ. ಚೆಂಡಿಲ್ಲದವರು ಎಲ್ಲಿ ನಿಂತಿದ್ದಾರೆಂಬುದು ಅಲ್ಲಿಂದಷ್ಟೇ ಕಾಣುತ್ತದೆ.