ಕರೆಯದೆ ಬಂದ ನೆಂಟರು

"ಇವರ್ಯಾರು?"

ಮೇಷ್ಟ್ರು ಬೆರಳಿಟ್ಟ ಕಡೆ ಬಗ್ಗಿ ನೋಡಿದೆ. ಚಿತ್ರದ ಬಲ ಅಂಚಿನಲ್ಲಿ ಒಂದು ಮೊಣಕೈ. ನೀಲಿ ಚೌಕಳಿ ಅಂಗಿಯದು. ಮುಂದೆ ಹಿಂದೆ ಮನುಷ್ಯನೇ ಇಲ್ಲ, ಬರೀ ಮೊಣಕೈ.

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲದವರನ್ನ ಯಾಕ್ರೀ ಕರೆದ್ರಿ?"

ಅವರು ಹೈಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಫಿಲಂ ಕಾಲದಿಂದ ಕ್ಯಾಮೆರಾ ಹಿಡಿದ ಕೈ. ಒಂದು ರೋಲಿಗೆ 36 ಚಿತ್ರ, ತೊಳೆಸುವ ಖರ್ಚು ಬೇರೆ. ಆ ಕಾಲದ ಜಿಪುಣತನ ಅವರ ಕಣ್ಣಲ್ಲಿ ಇನ್ನೂ ಹಾಗೇ ಇದೆ. ನಾನೋ, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಒಂದೇ ಬೆಳಗ್ಗೆ ನಾನೂರು ಹೊಡೆದುಕೊಂಡು ಬಂದಿದ್ದೆ. "ಹನ್ನೆರಡು ಆರಿಸಿ, ಪ್ರಿಂಟ್ ಹಾಕಿಸಿ ತನ್ನಿ. ಮೊಬೈಲಲ್ಲಿ ಎಲ್ಲಾನೂ ಚೆನ್ನಾಗೇ ಕಾಣುತ್ತೆ" ಎಂದಿದ್ದರು.

ಮೊದಲು ಎಲ್ಲವನ್ನೂ ಟೀಪಾಯಿ ಮೇಲೆ ತಲೆಕೆಳಗಾಗಿ ಜೋಡಿಸಿದರು. ಹಳೇ ಸ್ಟುಡಿಯೋಗಳಲ್ಲಿ ಕಪ್ಪು ಬಟ್ಟೆ ಹೊದ್ದುಕೊಂಡು ನೋಡುತ್ತಿದ್ದ ಪೆಟ್ಟಿಗೆ ಕ್ಯಾಮೆರಾದ ಗಾಜಿನ ಮೇಲೆ ಚಿತ್ರ ಹೀಗೆಯೇ ಉಲ್ಟಾ ಬೀಳುತ್ತಿತ್ತಂತೆ. ಉಲ್ಟಾ ನೋಡಿದರೆ ಮುಖ ಮುಖವಾಗಿ ಕಾಣಲ್ಲ, ಹೂ ಹೂವಾಗಿ ಕಾಣಲ್ಲ. ಬರೀ ಕಪ್ಪು, ಬಿಳುಪು, ಬಣ್ಣದ ತುಂಡುಗಳು. ನನ್ನ ಹೆಮ್ಮೆಯ ಕುಂಕುಮದ ರಾಶಿಯ ಚಿತ್ರದಲ್ಲಿ ಎದ್ದು ಕಂಡಿದ್ದು ಕುಂಕುಮ ಅಲ್ಲ, ಕೆಳಗೆ ನಟ್ಟನಡುವೆ ಬಿದ್ದಿದ್ದ ಒಂದು ಬಿಳಿ ಪ್ಲಾಸ್ಟಿಕ್ ಚೀಲ. ಬೆಳ್ಳಗೆ ಹೊಳೆಯುವ ಕಡೆಗೇ ಕಣ್ಣು ಮೊದಲು ಓಡುವುದು, ಏನು ಮಾಡೋದು?

ನಾನು ಸುಮ್ನೆ ಒಪ್ಪಿಕೊಳ್ಳುವವನಲ್ಲ. ನನ್ನ ಕ್ಯಾಮೆರಾ ಕಡಿಮೆ ಬೆಲೆಯದು, ಅದರ ವ್ಯೂಫೈಂಡರಿನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ, ಚಿತ್ರದ ಸುಮಾರು ಶೇ. 95 ಭಾಗ ಮಾತ್ರ ಕಾಣುತ್ತದೆ, ಮೊಣಕೈ ಆ ಉಳಿದ ಐದರಲ್ಲಿ ನುಗ್ಗಿದೆ ಎಂದು ವಾದಿಸಿದೆ.

"ಸರಿ. ಚೀಲ?"

ಇನ್ನೊಂದು ಅಸ್ತ್ರ ಬಿಟ್ಟೆ. ಚೌಕಟ್ಟನ್ನು ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ಪಾಲು ಮಾಡಿ, ಗೆರೆಗಳು ಕೂಡುವ ಕಡೆ ಮುಖ್ಯವಾದದ್ದನ್ನು ಇಡಬೇಕು ಅನ್ನುತ್ತಾರಲ್ಲ, ಹೂವಿನಮ್ಮನನ್ನು ಅಲ್ಲೇ ಇಟ್ಟಿದ್ದೇನೆ ಎಂದೆ. ಮೇಷ್ಟ್ರು ನಕ್ಕರು. ಈ ಮೂರು ಪಾಲಿನ ಲೆಕ್ಕಕ್ಕೆ ಹೆಸರು ಕೊಟ್ಟು ಬರೆದದ್ದು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರ, 1797ರಲ್ಲಿ. ಆಗಿನ್ನೂ ಫೋಟೋ ಅನ್ನುವುದೇ ಹುಟ್ಟಿರಲಿಲ್ಲ. "ಪಾಪ, ಅವನಿಗೆ ನಿಮ್ಮ ಹೂವಿನಮ್ಮ ಏನು ಮಾಡ್ತಿದ್ದಾರೆ ಅಂತ ಹೇಗೆ ಗೊತ್ತಿರುತ್ತೆ?"

ಏನು ಮಾಡುತ್ತಿದ್ದರು? ಮಲ್ಲಿಗೆ ದಂಡೆಯನ್ನು ಮೊಣಕೈಗೆ ಒತ್ತಿ, ಮಧ್ಯದ ಬೆರಳಿನ ತುದಿಯವರೆಗೆ ಎಳೆದು ಮೊಳ ಹಾಕುತ್ತಿದ್ದರು. ಅವರ ನಗು ಎಷ್ಟು ಚೆನ್ನಾಗಿತ್ತು ಅಂದರೆ ನಾನು ನಗುವೊಂದನ್ನೇ ನೋಡಿ ಗುಂಡಿ ಒತ್ತಿದ್ದೆ. ಚಾಚಿದ ಕೈ ಬೆರಳಿನ ಗೆಣ್ಣಿಗೇ ಕತ್ತರಿಸಿ ಹೋಗಿತ್ತು. ಇನ್ನೊಂದು ಪಕ್ಕದಲ್ಲಿ ಮಾತ್ರ ಟಾರ್ಪಾಲು ಆರಾಮವಾಗಿ ಅರ್ಧ ಜಾಗ ಹಿಡಿದು ಕೂತಿತ್ತು.

"ಗಿರಾಕಿಗೆ ಮುಕ್ಕಾಲು ಮೊಳ ಕೊಟ್ಟು ಕಳಿಸಿದ್ದೀರಿ," ಎಂದರು ಮೇಷ್ಟ್ರು. "ನಗು ಎಲ್ಲಾದ್ರೂ ಸಿಗುತ್ತೆ. ಈ ಕೈ ಸಿಗುತ್ತಾ?"

"ತುಂಬಾ ರಶ್ ಇತ್ತು ಸಾರ್, ನಿಲ್ಲೋಕೆ ಜಾಗ ಇರಲಿಲ್ಲ."

"ಅದನ್ನೂ ಫೋಟೋ ಹಿಂದೆ ಬರೆದು ಅಂಟಿಸಿ. ನೋಡಿದವರು ಓದ್ಕೊಳ್ಳಲಿ."

ಆಮೇಲೆ ಡ್ರಾಯರಿನಿಂದ 'ಎಲ್' ಆಕಾರದ ಎರಡು ರಟ್ಟು ತೆಗೆದರು. ಯಾವುದೋ ಮದುವೆಯ ಲಗ್ನಪತ್ರಿಕೆ ಕತ್ತರಿಸಿ ಮಾಡಿದ್ದು. ಒಂದರ ಮೇಲೆ ಅರ್ಧ ಗಣಪತಿ ಇನ್ನೂ ಉಳಿದಿದ್ದ. ಅವನ್ನು ಪ್ರಿಂಟಿನ ಮೇಲೆ ಸರಿಸುತ್ತಾ ಹೋದರು. ಮೊಣಕೈ ಹೋಯಿತು. ಟಾರ್ಪಾಲು ಹೋಯಿತು. ಚಿತ್ರ ಉಸಿರಾಡಿತು. ಹೋದ ಬೆರಳನ್ನು ಮಾತ್ರ ಯಾವ ರಟ್ಟೂ ವಾಪಸ್ ತರಲಿಲ್ಲ. "ಜೂಮ್ ತಿರುಗಿಸೋ ಮೊದಲು ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ ನೋಡಿ. ಹೆಜ್ಜೆಗೆ ದುಡ್ಡಿಲ್ಲ."

ಈ ಪಾಠದಿಂದ ತಕ್ಷಣಕ್ಕೆ ಆದ ಲಾಭ ಅಷ್ಟಕ್ಕಷ್ಟೇ. ಮುಂದಿನ ಭಾನುವಾರ ಅದೇ ಹೂವಿನಮ್ಮನ ಎದುರು ನಿಂತು, ಕರೆಯದವರು ಯಾರಾದರೂ ನುಗ್ಗಿದ್ದಾರಾ ಎಂದು ಚೌಕಟ್ಟಿನ ನಾಲ್ಕೂ ಮೂಲೆ ನೋಡಿ ಮುಗಿಸುವಷ್ಟರಲ್ಲಿ ಅವರು ಮೊಳ ಹಾಕಿ, ದಾರ ಹರಿದು, ಎಲೆಯಲ್ಲಿ ಸುತ್ತಿ ಕೊಟ್ಟೂ ಆಗಿತ್ತು. "ಏನಪ್ಪಾ, ತಗೋತೀಯೋ ಬರೀ ನೋಡ್ತೀಯೋ?" ಎಂದರು. ಎರಡು ಮೊಳ ತಗೊಂಡೆ.

ಮನೆಯಲ್ಲಿ ಇನ್ನೊಂದು ಕಾಟ ಶುರುವಾಯಿತು. ನಮ್ಮ ಮದುವೆ ಆಲ್ಬಮ್ ತೆಗೆದರೆ, ಆರತಕ್ಷತೆಯ ಚಿತ್ರದಲ್ಲಿ ನನ್ನ ತಲೆಯ ಮೇಲೆ ಸರಿಯಾಗಿ ಒಂದು ಸ್ಟ್ಯಾಂಡ್ ಫ್ಯಾನು, ಕಿರೀಟದ ಹಾಗೆ. ಹದಿನಾಲ್ಕು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹೆಂಡತಿಗೆ ತೋರಿಸಿದೆ. "ನಂಗೆ ಅವತ್ತೇ ಕಂಡಿತ್ತು. ಸೆಕೆ ಇತ್ತಲ್ವಾ, ಇರ್ಲಿ ಅಂತ ಸುಮ್ನಿದ್ದೆ" ಎಂದಳು.

ಹೋದ ತಿಂಗಳು ಮೇಷ್ಟ್ರದೇ ಒಂದು ಚಿತ್ರ ತೆಗೆದೆ. ಕಿಟಕಿ ಪಕ್ಕದ ಕುರ್ಚಿ, ಮಡಿಲಲ್ಲಿ ಪೇಪರು, ಮುಖದ ಒಂದು ಪಕ್ಕ ಬೆಳಕು. ಪ್ರಿಂಟ್ ಕೊಟ್ಟೆ. ಉಲ್ಟಾ ಮಾಡಿದರು. ರಟ್ಟು ಸರಿಸಿದರು. ತುಂಬಾ ಹೊತ್ತು ಮಾತಿಲ್ಲ. ಕೊನೆಗೆ ಬೆರಳು ಮೇಲಿನ ಮೂಲೆಗೆ ಹೋಯಿತು. ಕಿವಿಯ ಹಿಂದೆ ಗೋಡೆ ಕ್ಯಾಲೆಂಡರು, ಅದರ ಕೆಂಪು ಭಾನುವಾರಗಳ ಸಾಲು.

"ಇವರ್ಯಾರು?"

ನಾನು ಉತ್ತರ ಕೊಡುವ ಮೊದಲೇ ಎದ್ದರು. ಕ್ಯಾಲೆಂಡರು ತೆಗೆದು ಮಂಚದ ಮೇಲೆ ಹಾಕಿ, ಮತ್ತೆ ಅದೇ ಕುರ್ಚಿಯಲ್ಲಿ ಕೂತು ಪೇಪರು ಬಿಡಿಸಿದರು. ಗೋಡೆಯಲ್ಲಿ ಈಗ ಬರೀ ಮೊಳೆ ಇತ್ತು. ನಾನು ಎರಡು ಹೆಜ್ಜೆ ಎಡಕ್ಕೆ ಸರಿದೆ. ಮೊಳೆ ಅವರ ತಲೆಯ ಹಿಂದೆ ಮರೆಯಾಯಿತು.