ಇಲ್ಲದ ಬಸ್ಸಿಗೆ ಇಪ್ಪತ್ತೈದು ಪರ್ಸೆಂಟ್

ಸರ್ಕಾರಕ್ಕೆ ಲೆಕ್ಕ ಬರುವುದಿಲ್ಲ ಎನ್ನುವವರು 2025ರ ಜನವರಿ 5ರಂದೇ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಅಂದು ನಾಲ್ಕೂ ಸಾರಿಗೆ ನಿಗಮಗಳ ಟಿಕೆಟ್ ದರ ಶೇ 15ರಷ್ಟು ಏರಿತು. ಎಲ್ಲರೂ ದರ ಏರಿದ್ದನ್ನಷ್ಟೇ ನೋಡಿ ಬೈದರು. ಅರವತ್ತು ದಾಟಿದವರ ರಿಯಾಯಿತಿಯೂ ಜೊತೆಗೇ ಏರಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ನೂರು ರೂಪಾಯಿ ಟಿಕೆಟ್ಟಿಗೆ ಶೇ 25 ಎಂದರೆ 25 ರೂಪಾಯಿ ಉಳಿಯುತ್ತಿತ್ತು. ಅದೇ ಟಿಕೆಟ್ 115 ಆದ ಮೇಲೆ ಉಳಿಯುವುದು 28 ರೂಪಾಯಿ 75 ಪೈಸೆ. ಕುಳಿತಲ್ಲೇ ಮೂರು ಮುಕ್ಕಾಲು ರೂಪಾಯಿ ಲಾಭ! ಕೈಯಿಂದ ಹೋಗುವುದು 75ರ ಬದಲು 86 ಅಲ್ಲವೇ ಎಂದು ಯಾರಾದರೂ ತಕರಾರು ತೆಗೆದರೆ, ಅವರಿಗಿನ್ನೂ ಹಿರಿಯ ನಾಗರಿಕರಾಗುವ ಪ್ರಬುದ್ಧತೆ ಬಂದಿಲ್ಲ ಎಂದೇ ತಿಳಿಯಬೇಕು.

ರೈಲ್ವೆಯವರ ಕಥೆ ಬೇರೆ. ಅರವತ್ತಾದ ಗಂಡಸರಿಗೆ ಶೇ 40, ಐವತ್ತೆಂಟಾದ ಹೆಂಗಸರಿಗೆ ಶೇ 50 ಇದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಕೊರೊನಾ ಹೆಸರಿನಲ್ಲಿ ನಿಲ್ಲಿಸಿದರು. ವಯಸ್ಸಾದವರು ಮನೆಯಲ್ಲೇ ಕ್ಷೇಮವಾಗಿರಲಿ ಎಂಬ ಕಾಳಜಿ. ಕೊರೊನಾ ಹೋಯಿತು, ಕಾಳಜಿ ಉಳಿಯಿತು. ನಮ್ಮ ಬಸ್ಸಿನವರು ಅಷ್ಟು ಕಟುಕರಲ್ಲ. ರಿಯಾಯಿತಿಯ ತಂಟೆಗೇ ಹೋಗಲಿಲ್ಲ. ಬಸ್ಸನ್ನಷ್ಟೇ ತೆಗೆದರು.

ಕೊರೊನಾ ಕಾಲದಲ್ಲಿ ನಿಂತ ಬಸ್ ಎಷ್ಟೋ ಹಳ್ಳಿಗಳಿಗೆ ಮತ್ತೆ ಮುಖ ತೋರಿಸಿಲ್ಲ. ಇರುವ ಊರುಗಳಲ್ಲೂ ಒಂದು ಹಾಲ್ಟಿಂಗ್ ಬಸ್ ಇರುತ್ತದೆ. ರಾತ್ರಿ ಬಂದು ದೇವಸ್ಥಾನದ ಮುಂದೆ ಮಲಗಿ, ಕೋಳಿ ಕೂಗುವ ಹೊತ್ತಿಗೆ ಎದ್ದು ಹೊರಟುಬಿಡುತ್ತದೆ. ತಾಲ್ಲೂಕು ಆಸ್ಪತ್ರೆಯ ಹೊರರೋಗಿ ಚೀಟಿ ಸಿಗುವುದು ಒಂಬತ್ತರ ಮೇಲೆ. ಅಲ್ಲಿಯವರೆಗೆ ಅಜ್ಜ ಬಸ್ ನಿಲ್ದಾಣದ ಸಿಮೆಂಟ್ ಬೆಂಚಿನ ಮೇಲೆ ಕುಳಿತು ತನಗೆ ಎಷ್ಟು ಉಳಿಯಿತೆಂದು ಲೆಕ್ಕ ಹಾಕಬಹುದು. ಇಪ್ಪತ್ತು ರೂಪಾಯಿ ಟಿಕೆಟ್ಟಾದರೆ ಐದು ರೂಪಾಯಿ. ಅದೂ ಚಿಲ್ಲರೆ ಇಲ್ಲದ್ದರಿಂದ ಟಿಕೆಟ್ಟಿನ ಹಿಂಬದಿಯಲ್ಲಿ ಪೆನ್ನಿನಿಂದ ಗೀಚಿಕೊಟ್ಟ ಐದು. ಇಳಿಯುವ ನೂಕುನುಗ್ಗಲಿನಲ್ಲಿ ಅದನ್ನು ವಸೂಲು ಮಾಡಿದವರಿಗೆ ಪ್ರತ್ಯೇಕ ಪ್ರಶಸ್ತಿ ಕೊಡಬೇಕು.

ರಿಯಾಯಿತಿ ಬೇಕಾದರೆ ಮೊದಲು ವಯಸ್ಸಾಗಿದೆ ಎಂದು ಸಾಬೀತು ಮಾಡಬೇಕಷ್ಟೆ. ನಮ್ಮ ಹಳ್ಳಿಗಳಲ್ಲಿ ಹಿರಿಯರೆಲ್ಲ ಹುಟ್ಟಿದ್ದು ಎರಡೇ ದಿನ. ಶಾಲೆಯ ಮೆಟ್ಟಿಲು ಹತ್ತಿದವರು ಜೂನ್ 1ರಂದು, ಮೇಷ್ಟ್ರ ಕೃಪೆಯಿಂದ. ಹತ್ತದವರು ಜನವರಿ 1ರಂದು, ಆಧಾರ್ ಕೌಂಟರಿನ ಹುಡುಗನ ಕೃಪೆಯಿಂದ. ಇಸವಿಯನ್ನು ಆ ಹುಡುಗ ಮುಖ ನೋಡಿ ಅಂದಾಜು ಮಾಡಿದ್ದು. ಅವನು ಅಂದು ಒಳ್ಳೆಯ ಮನಸ್ಸಿನಲ್ಲಿದ್ದು ವಯಸ್ಸನ್ನು ಐದಾರು ವರ್ಷ ಕಡಿಮೆ ಮಾಡಿ ಬರೆದಿದ್ದರೆ ಅಜ್ಜನ ಕಥೆ ಮುಗಿಯಿತು. ಬೆನ್ನು ನೋಡಿದರೆ ಎಪ್ಪತ್ತು, ಬಾಯಿ ನೋಡಿದರೆ ಎಂಬತ್ತು, ಆಧಾರ್ ನೋಡಿದರೆ ಐವತ್ತೆಂಟು. ಟಿಕೆಟ್ ಯಂತ್ರ ನಂಬುವುದು ಮೂರನೆಯದನ್ನು.

ಅಜ್ಜಿಗೆ ಈ ರಗಳೆ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಶೂನ್ಯ ಟಿಕೆಟ್ ಇದೆ. ಅಜ್ಜಿಗೆ ಪೂರ್ತಿ ಉಚಿತ, ಅಜ್ಜನಿಗೆ ಮುಕ್ಕಾಲು ದರ. ನನಗೆ ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆ ಎಂದರೆ, ಅರ್ಧನಾರೀಶ್ವರ ಬಸ್ ಹತ್ತಿದರೆ ನಿರ್ವಾಹಕರು ಏನು ಮಾಡಬೇಕು? ಎಡಭಾಗಕ್ಕೆ ಶೂನ್ಯ ಟಿಕೆಟ್ ಸರಿ. ಬಲಭಾಗ ಆದಿ ಅಂತ್ಯವಿಲ್ಲದ್ದು, ವಯಸ್ಸಿಗೆ ಕೊರತೆಯಿಲ್ಲ, ಆದರೆ ಜನನ ಪ್ರಮಾಣಪತ್ರ ಎಲ್ಲಿಂದ ತರುವುದು? ಕೊರಳಿನ ಹಾವಿಗೆ ಲಗೇಜ್ ಹರಿಯಬೇಕೇ? ಮಹಿಳೆಯರ ಸೀಟೋ, ಪುರುಷರ ಸೀಟೋ? ಕೊನೆಗೆ ವಿಳಾಸ ಕೈಲಾಸ ಎಂದು ಗೊತ್ತಾಗುತ್ತದೆ. ಎರಡೂ ಸೌಲಭ್ಯ ರಾಜ್ಯದ ನಿವಾಸಿಗಳಿಗೆ ಮಾತ್ರ. ಪಾರ್ವತಿಯ ಶೂನ್ಯ ಟಿಕೆಟ್ಟೂ ಹೋಯಿತು. ಅಷ್ಟರಲ್ಲಿ ತನಿಖಾ ದಳದವರು ಹತ್ತಿದರೆ ಪಾಪ ನಿರ್ವಾಹಕರಿಗೇ ಮೆಮೊ.

ಹತ್ತುವ ಮಾತು ಬಂತು. ಬಸ್ಸಿನ ಮೊದಲ ಮೆಟ್ಟಿಲನ್ನು ಯಾರಾದರೂ ಹತ್ತಿರದಿಂದ ನೋಡಿದ್ದೀರಾ? ಮಣ್ಣಿನ ರಸ್ತೆಯ ಅಂಚಿನ ತಗ್ಗಿನಲ್ಲಿ ನಿಂತರೆ ಅದು ಮೊಣಕಾಲಿನ ಮೇಲಕ್ಕೆ ಬರುತ್ತದೆ. ಮೊದಲು ಕೋಲನ್ನು ಒಳಗೆ ಎಸೆಯಬೇಕು, ಆಮೇಲೆ ಚೀಲ, ಆಮೇಲೆ ಕಂಬಿ ಹಿಡಿದು ಎಡಗಾಲು. ಬಲಗಾಲು ಇನ್ನೂ ಕರ್ನಾಟಕದ ನೆಲದ ಮೇಲೆ ಇರುವಾಗಲೇ ‘ರೈಟ್ ರೈಟ್’. ಒಳಗೆ ‘ಹಿರಿಯ ನಾಗರಿಕರಿಗೆ’ ಎಂದು ಅಚ್ಚುಕಟ್ಟಾಗಿ ಬರೆದ ಸೀಟಿನಲ್ಲಿ ಇಪ್ಪತ್ತರ ಯುವಕನೊಬ್ಬ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕಣ್ಣು ಮುಚ್ಚಿರುತ್ತಾನೆ. ಅವನೂ ಮುಂದೊಂದು ದಿನ ಹಿರಿಯ ನಾಗರಿಕನಾಗುವವನೇ. ಮುಂಗಡ ಕಾಯ್ದಿರಿಸಿದ್ದಾನೆ ಎಂದುಕೊಂಡರಾಯಿತು.

ಕರಾವಳಿಯ, ಮಲೆನಾಡಿನ ಎಷ್ಟೋ ಕಡೆ ಈ ಚಿಂತೆಯೂ ಇಲ್ಲ. ಅಲ್ಲಿ ಓಡುವುದೇ ಖಾಸಗಿ ಬಸ್. ಸರ್ಕಾರದ ಶೇ 25 ಘಟ್ಟದ ಒಳರಸ್ತೆಗೆ ಇಳಿಯುವುದಿಲ್ಲ.

ಪ್ರತಿ ಅಕ್ಟೋಬರ್ 1ಕ್ಕೆ, ಹಿರಿಯರ ದಿನ ಎಂದು, ಜಿಲ್ಲಾ ಕೇಂದ್ರದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ಹಿರಿಯರು ನಮ್ಮ ಆಸ್ತಿ ಎಂಬ ಭಾಷಣ. ಆಸ್ತಿ ಎಂದರೆ ಸ್ಥಿರಾಸ್ತಿ ಎಂದು ಸಾರಿಗೆ ಇಲಾಖೆ ಅರ್ಥ ಮಾಡಿಕೊಂಡಿರಬೇಕು, ಇದ್ದಲ್ಲೇ ಇರುವಂಥದ್ದು.

ತಮಾಷೆ ಸಾಕು. ಸರ್ಕಾರದವರೇ, ಸಂಧ್ಯಾ ಸುರಕ್ಷಾ ಪಿಂಚಣಿ ಎಂದು ತಿಂಗಳಿಗೆ 1,200 ರೂಪಾಯಿ ಕೊಡುತ್ತೀರಿ. ಅದನ್ನು ತರಲು ಹೋಬಳಿಯ ಬ್ಯಾಂಕಿಗೆ ಹೋಗಬೇಕು, ರಕ್ತದೊತ್ತಡದ ಮಾತ್ರೆಗೆ ತಾಲ್ಲೂಕಿಗೆ ಹೋಗಬೇಕು, ಪಿಂಚಣಿ ನಿಂತರೆ ನಾಡಕಚೇರಿಗೆ ಅಲೆಯಬೇಕು. ಬಸ್ ಇಲ್ಲದ ಊರಿನವರು ಆಟೊ ಹತ್ತುತ್ತಾರೆ. ಆಟೊದವನು ತಪ್ಪು ಮಾಡುತ್ತಿಲ್ಲ, ಅವನಿಗೂ ಹೊಟ್ಟೆ ಇದೆ. ಆದರೆ ಒಂದು ಕೈಯಲ್ಲಿ ಕೊಟ್ಟ ಹಣವನ್ನು ದಾರಿಯಲ್ಲೇ ಚೆಲ್ಲಿಸಿ, ಇನ್ನೊಂದು ಕೈಯಲ್ಲಿ ರಿಯಾಯಿತಿಯ ಫಲಕ ಹಿಡಿದು ನಿಲ್ಲಲು ನಾಚಿಕೆಯಾಗಬೇಕು. ಎಪ್ಪತ್ತೈದರ ಹೆಂಗಸಿಗೆ ಉಚಿತ ಪ್ರಯಾಣ ಕೊಟ್ಟಿದ್ದೇವೆ ಎನ್ನುತ್ತೀರಿ. ಆಕೆ ಮುಖ್ಯರಸ್ತೆಯವರೆಗೆ ಮೂರು ಕಿಲೋಮೀಟರ್ ಬಿಸಿಲಿನಲ್ಲಿ ನಡೆಯುತ್ತಾಳಲ್ಲ, ಆ ಪ್ರಯಾಣವೂ ಉಚಿತವೇ.

ಬಸ್ ಬಿಡಿ ಎಂದು ಊರಿನವರು ಮನವಿ ಕೊಟ್ಟರೆ ಘಟಕದಿಂದ ಬರುವ ಉತ್ತರ ನಿಮಗೂ ಬಾಯಿಪಾಠ. ಸಿಬ್ಬಂದಿ ಕೊರತೆ, ರಸ್ತೆ ಸರಿಯಿಲ್ಲ, ಮಾರ್ಗದಲ್ಲಿ ಆದಾಯವಿಲ್ಲ. ಮೊದಲಿನ ಎರಡನ್ನು ಒಪ್ಪೋಣ. ಮೂರನೆಯದಕ್ಕೆ ಪುರಾವೆಯಾಗಿ ಪರಿಶೀಲನೆಗೆ ಬಂದವರು ಪ್ರಯಾಣಿಕರೇ ಇಲ್ಲ ಎಂದು ಬರೆದುಕೊಂಡು ಹೋಗುತ್ತಾರೆ. ಬಸ್ಸೇ ಬರದ ನಿಲ್ದಾಣದಲ್ಲಿ ಪ್ರಯಾಣಿಕರು ಯಾಕೆ ನಿಂತಿರುತ್ತಾರೆ, ಸ್ವಾಮಿ?