ಛತ್ರಿ ಹಿಡಿದು ನೀರು ಹಾಕಿದ ಹಿರೇಕಾಯಿ

2024ರ ಫೆಬ್ರವರಿಯಲ್ಲಿ ನಾನು ಟೆರೇಸಿನಲ್ಲಿ ಹಿರೇಕಾಯಿ ಬೀಜ ಹಾಕಿದೆ. ಬೆಂಗಳೂರಲ್ಲಿ ತರಕಾರಿ ಬೆಳೆಯೋಕೆ ಅದಕ್ಕಿಂತ ಕೆಟ್ಟ ಮುಹೂರ್ತ ಹುಡುಕಿದರೂ ಸಿಗುತ್ತಿರಲಿಲ್ಲ. ಮಾರ್ಚ್ ಹೊತ್ತಿಗೆ ಬೋರ್‌ವೆಲ್‌ಗಳು ಬತ್ತಿದವು. ಕುಡಿಯೋ ನೀರನ್ನು ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂತ ಆದೇಶ ಬಂತು. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಎಲ್ಲಾ ಬಕೆಟ್‌ಗೆ ಕೂಡಿಸಿ, ಮೇಲೆ ಟವೆಲ್ ಮುಚ್ಚಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ನೀರೇನೋ ಕಾನೂನಿನ ಪ್ರಕಾರ ಸರಿಯಾದದ್ದೇ. ಆದರೆ ಅದು ಎದುರುಮನೆಯವರಿಗೆ ಹೇಗೆ ಗೊತ್ತಾಗಬೇಕು?

"ರೀ, ಬಳ್ಳಿಗೆ ನೀರು ಬೇಕು ಅಂತ ದಿನಾ ಒಂದು ಪಾವು ಅಕ್ಕಿ ಜಾಸ್ತಿ ಇಡೋಕಾಗಲ್ಲ" ಅಂದಳು ಹೆಂಡತಿ.

ಏಪ್ರಿಲ್ ಪೂರ್ತಿ ನಮ್ಮ ಏರಿಯಾದಲ್ಲಿ ಒಂದು ಹನಿ ಬೀಳಲಿಲ್ಲ. 28ನೇ ತಾರೀಕು 38.5 ಡಿಗ್ರಿ! ಬಳ್ಳಿ ತುಂಬಾ ಹಳದಿ ಹೂ, ಎಲ್ಲವೂ ಗಂಡು. ಹೆಣ್ಣು ಸಿಗದೆ ಜಾತಕ ಹಿಡಿದು ಓಡಾಡುವ ನಮ್ಮ ಮಲೆನಾಡಿನ ಹುಡುಗರ ಗತಿಯೇ ಅವಕ್ಕೂ. ಕೊನೆಗೊಂದು ಹೆಣ್ಣು ಮೊಗ್ಗು ಕಂಡಿತು, ಬುಡದಲ್ಲಿ ಕಡ್ಡಿಯಂಥ ಪುಟ್ಟ ಕಾಯಿ. ಮಗಳ ಡ್ರಾಯಿಂಗ್ ಬ್ರಷ್ ಹಿಡಿದು ಮೂರು ದಿನ ಬೆಳಗ್ಗೆ ಹೋದೆ. ಅದು ಅರಳುವ ಲಕ್ಷಣವೇ ಇಲ್ಲ. ಹಿರೇಕಾಯಿ ಹೂ ಅರಳುವುದು ಸಂಜೆಗೆ ಅಂತ ಆಮೇಲೆ ಗೊತ್ತಾಯ್ತು. ನಾಲ್ಕನೇ ದಿನ ಸಂಜೆ ಆರೂವರೆಗೆ ಶುಭಕಾರ್ಯ ಮುಗಿಸಿದೆ.

ಕಾಯಿ ಬೆರಳುದ್ದ ಆಗುವಷ್ಟರಲ್ಲಿ ಸಾಗರದಲ್ಲಿ ತಂಗಿ ಮದುವೆ. ಹನ್ನೆರಡು ದಿನ ಮನೆ ಬೀಗ. ಕೆಳಗಿನ ಮನೆ ಅಂಕಲ್ ಕೈಗೆ ಚೀಟಿ ಕೊಟ್ಟೆ: ದಿನಾ ಬೆಳಗ್ಗೆ ಒಂದು ಬಕೆಟ್, ತಪ್ಪಿಸಬೇಡಿ.

ನಾವು ಊರು ಮುಟ್ಟಿದ್ದೇ ತಡ, ಬೆಂಗಳೂರಿಗೆ ಮಳೆ ಬಂತು. ಮೂರನೇ ದಿನ ಅಂಕಲ್ ವಿಡಿಯೋ ಕಳಿಸಿದರು. ಧೋ ಅಂತ ಸುರಿಯುವ ಮಳೆಯಲ್ಲಿ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಮಗ್ಗು. ಗಿಡಕ್ಕೆ ನೀರು ಹಾಕುತ್ತಿದ್ದಾರೆ! ಫೋನ್ ಹಿಡಿದವರು ಆಂಟಿ ಇರಬೇಕು, ನಗು ಕೇಳಿಸುತ್ತಿತ್ತು. "ಮಳೆ ಇದ್ಯಲ್ಲ ಅಂಕಲ್" ಅಂದರೆ, "ಒಪ್ಕೊಂಡ ಮೇಲೆ ಮುಗೀತು, ಅಲ್ವಾ?" ಅಂದರು. ಅಮ್ಮ ವಿಡಿಯೋ ಎರಡು ಸಲ ನೋಡಿದಳು. ಅವಳ ಬಸಳೆ ಬಚ್ಚಲ ನೀರು ಕುಡಿದೇ ಚಪ್ಪರ ತುಂಬಿಕೊಂಡಿದೆ, ಯಾರೂ ಛತ್ರಿ ಹಿಡಿದಿಲ್ಲ.

ವಾಪಸ್ ಬಂದರೆ ಟೊಮೇಟೊ ಬಿರಿದಿತ್ತು. ಮೆಣಸಿನಗಿಡ ಕುಂಡದೊಳಗೇ ಕೊಳೆತಿತ್ತು. ಬೆಂಡೆಕಾಯಿ ಮುರಿದರೆ ಮುರಿಯಲ್ಲ, ಬಗ್ಗಿ ಮತ್ತೆ ನೆಟ್ಟಗೆ ನಿಲ್ಲುತ್ತೆ. ಹಿರೇಕಾಯಿ ಮಾತ್ರ ಮೊಳಕೈ ಉದ್ದ, ಏಣುಗಳೆಲ್ಲ ಗಟ್ಟಿಯಾಗಿ ರಾಜಗಾಂಭೀರ್ಯದಲ್ಲಿ ತೂಗುತ್ತಿತ್ತು. ಉಗುರು ಊರಿ ನೋಡಿದೆ. ಉಗುರಿಗೇ ನೋವಾಯ್ತು. ಸಿಪ್ಪೆ ಚಟ್ನಿ ಕನಸು ಅಲ್ಲಿಗೆ ಮುಗಿಯಿತು.

"ಎಳೆಯದಿದ್ದಾಗಲೇ ಕಿತ್ತು ನೀವೇ ಹುಳಿ ಮಾಡ್ಕೋಬಾರದಿತ್ತಾ ಅಂಕಲ್?"

"ಕೀಳಿ ಅಂತ ಚೀಟಿಯಲ್ಲಿ ಇರಲಿಲ್ವಲ್ಲಪ್ಪಾ."

ಬೀಜಕ್ಕಾದರೂ ಆಗಲಿ ಅಂತ ಬಳ್ಳಿಯಲ್ಲೇ ಬಿಟ್ಟೆ. ಜುಲೈ ಹೊತ್ತಿಗೆ ಒಣಗಿ, ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು. ಸಿಪ್ಪೆ ಸುಲಿದು ಬೀಜ ಕೊಡವಿದೆ, ಒಳಗೆ ಬರೀ ನಾರು. ಒಂದು ದಾರ ಕಟ್ಟಿ ಬಚ್ಚಲಲ್ಲಿ ನೇತು ಹಾಕಿದೆ.

ಮೊನ್ನೆ ಗೇಟಿನ ಹತ್ತಿರ ಅಂಕಲ್ ಸಿಕ್ಕರು. "ಆ ಹಿರೇಕಾಯಿ ಏನ್ ಮಾಡಿದ್ರಿ? ಹೆಂಗಿತ್ತು?"

"ಬೆನ್ನಿಗೆ ಚೆನ್ನಾಗಿದೆ ಅಂಕಲ್" ಅಂದೆ.